ಅತ್ತಿಗೆಯ ಸವತಿಗೆ ಒಂದು ಬ್ರೇಸ್

ಅಣ್ಣಾ,

ನಿನ್ನ ಕೆಂಪು ಕಾರಿಗೆ ಬ್ರೇಸ್ ಹಾಕಿದೆವು. ಹಾಕಿದ್ದು ಯಾರು ಗೊತ್ತಾ? ನಾನು ಮತ್ತು ಅತ್ತಿಗೆ. ‘ಯಾರು, ಗಿರಿಜಾನಾ? ಸ್ಪ್ಯಾನರ್ ಹಿಡಿದಳಾ?’ ಎಂದು ನೀನು ಹುಬ್ಬು ಹಾರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಹಿಡಿದರು ಕಣೋ. ಅದಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯಲು ಕೂರುತ್ತಿರಲಿಲ್ಲ. ಇರು, ಮೊದಲಿನಿಂದ ಹೇಳುತ್ತೇನೆ. ನೀನು ಹೋದಮೇಲೆ ಮನೆಯಲ್ಲಿ ಏನೇನಾಯಿತು ಎಂದು ನಿನಗೆ ಹೇಳುವವರು ಯಾರಿದ್ದಾರೆ, ನನ್ನನ್ನು ಬಿಟ್ಟರೆ?

ನಿನ್ನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಅತ್ತಿಗೆ ಮೊದಲ ಸಲ ನಿನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಷಟರ್ ಎತ್ತಿದ ಬೆಳಿಗ್ಗೆ ನೆನಪಾಗುತ್ತದೆ. ಜೊತೆಗೆ ನಾನೂ ಇದ್ದೆ. ಆಯಿಲ್ ಡಬ್ಬಗಳ ಮೇಲೆ ಧೂಳು ಕೂತಿತ್ತು. ಅತ್ತಿಗೆ ಒದ್ದೆ ಬಟ್ಟೆ ಹಿಡಿದು ಕೌಂಟರ್ ಒರೆಸುತ್ತಿದ್ದಾಗ ಕೊರಿಯರಿನವನು ಉದ್ದನೆಯ ಪೆಟ್ಟಿಗೆಯೊಂದನ್ನು ತಂದು, “ಮಹೇಶಣ್ಣ ಇದಾರಾ?” ಎಂದು ಕೇಳಿದ. ಅತ್ತಿಗೆ ಕೈ ಒರೆಸಿಕೊಂಡು, “ನಾನೇ ತಗೋತೀನಿ, ಕೊಡಪ್ಪ” ಎಂದು ಸಹಿ ಹಾಕಿದರು. ಪೆಟ್ಟಿಗೆ ಬಿಚ್ಚಿದರೆ ಕಪ್ಪು ಬಣ್ಣದ ದಪ್ಪ ಸರಳು, ಅದರ ಎರಡು ತುದಿಗೂ ತೂತುಗಳಿದ್ದ ಎರಡು ತಟ್ಟೆ. ನೀನು ಆಸ್ಪತ್ರೆ ಸೇರುವ ಮುಂಚೆ ಆರ್ಡರ್ ಮಾಡಿದ್ದು. ನಿನ್ನ ಎದೆ ನೋವಿಗಿಂತ ಅದು ನಿಧಾನವಾಗಿ ಬಂದಿತ್ತು.

“ಇದೇನೇ ವೀಣಾ, ಹಳೇ ಮನೆ ಬಾಗಿಲಿಗೆ ಅಡ್ಡ ಹಾಕೋ ಅಗುಳಿ ಇದ್ದಂಗಿದೆ?” ಎಂದರು ಅತ್ತಿಗೆ. “ಅಗುಳಿ ಅಲ್ಲ ಅತ್ತಿಗೆ, ನಿಮ್ಮ ಸವತಿಗೆ ತರಿಸಿದ ಒಡವೆ” ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಅತ್ತಿಗೆ ನಕ್ಕರು ಅಣ್ಣಾ. ನೀನು ಹೋದಮೇಲೆ ಮೊದಲ ಸಲ. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡು, “ನಂಗೆ ಒಂದು ಜೊತೆ ಓಲೆ ತರೋಕೆ ನೂರು ಸಲ ಯೋಚ್ನೆ ಮಾಡ್ತಿದ್ರು, ಅವಳಿಗೆ ನೋಡು...” ಎಂದರು.

ಮದುವೆಯಾದ ಹೊಸತರಲ್ಲಿ ಅವರು ಆ ಹೆಸರಿಟ್ಟದ್ದು ನಿನಗೆ ಮರೆತಿರಲಾರದು. ಅತ್ತಿಗೆ ಮನೆ ತುಂಬುವ ಮೊದಲೇ ಆ ಕಾರು ಮನೆ ತುಂಬಿತ್ತು. ಅದೂ ಇಬ್ಬರ ಕೈ ದಾಟಿ ಬಂದದ್ದು. ಹೊಸ ಹೆಂಡತಿಯನ್ನು ಜೋಗಕ್ಕೆ ಕರೆದುಕೊಂಡು ಹೋಗುತ್ತೇನೆಂದವನು ಭಾನುವಾರವೆಲ್ಲ ಅದರ ಅಡಿಗೇ ಮಲಗಿದ್ದೆ. ಸಂಜೆ ಗ್ರೀಸ್ ಮೆತ್ತಿದ ಮುಖದಲ್ಲಿ ಎದ್ದು ಬಂದವನಿಗೆ ಅತ್ತಿಗೆ, “ಸವತಿ ಬಿಟ್ಟು ಕಳಿಸಿದ್ಲಾ?” ಎಂದು ಕೇಳಿದ್ದರು. ಅವತ್ತಿನಿಂದ ಅದರ ಹೆಸರು ಅದೇ. ನೀನಂತೂ ಅವರನ್ನು ಆ ಕಾರಿನ ಬಲಗಡೆಯ ಡ್ರೈವರ್ ಸೀಟಿಗೆ ಒಂದು ದಿನವೂ ಕೂರಿಸಲಿಲ್ಲ. ಅವರೂ ಕೇಳಲಿಲ್ಲ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಹಳೆಯ ಮಂಚದ ಕಾಲು ಅಲ್ಲಾಡುತ್ತಿತ್ತಲ್ಲ, ಅಪ್ಪ ಒಂದು ಭಾನುವಾರ ಎರಡು ಕಾಲಿಗೂ ಸೇರಿಸಿ ಅಡ್ಡಪಟ್ಟಿ ಹೊಡೆದದ್ದು ನೆನಪಿದೆಯಾ? ಆಮೇಲೆ ನಾವಿಬ್ಬರೂ ಅದರ ಮೇಲೆ ಕುಣಿದರೂ ಅದು ಜಗ್ಗಲಿಲ್ಲ. ಅತ್ತಿಗೆಗೆ ಬ್ರೇಸ್ ಎಂದರೆ ಏನೆಂದು ಹೇಳಲು ನನಗೆ ಆ ಮಂಚವೇ ಸಿಕ್ಕಿತು. ಬಾನೆಟ್ ಎತ್ತಿ ತೋರಿಸಿದೆ. “ಈ ಎಡಗಡೆ ಒಂದು ಗೋಪುರ, ಬಲಗಡೆ ಒಂದು. ಮುಂದಿನ ಚಕ್ರದ ಸಸ್ಪೆನ್ಷನ್ ಮೇಲಿನ ತುದಿ ಬಂದು ನಿಲ್ಲೋದು ಇಲ್ಲಿ. ತಿರುವಿನಲ್ಲಿ ಭಾರ ಬಿದ್ದಾಗ ಇವೆರಡೂ ಮಂಚದ ಕಾಲಿನ ಥರ ಒಂಚೂರು ಜಗ್ಗುತ್ವೆ. ಈ ಸರಳು ಎರಡನ್ನೂ ಸೇರಿಸಿ ಹಿಡಿಯತ್ತೆ.” ಅತ್ತಿಗೆ ಎರಡೂ ಗೋಪುರಗಳನ್ನು ಮುಟ್ಟಿ ನೋಡಿದರು. “ಹಂಗಾದ್ರೆ ಹಾಕಣ. ಅಂಗಡಿಗೆ ಬಂದೋರು ‘ಇದನ್ನ ಹಾಕಿದ್ರೆ ಏನಾಗತ್ತೆ ಅಕ್ಕಾ’ ಅಂತ ಕೇಳಿದ್ರೆ ನಾನು ಏನಾದ್ರೂ ಹೇಳ್ಬೇಕಲ್ಲ? ಗೊತ್ತಿಲ್ದೆ ಮಾರೋಕೆ ನಂಗಾಗಲ್ಲ.”

ಆ ‘ಅಂಗಡಿಗೆ ಬಂದೋರು’ ಎಂಬ ಮಾತಿನ ತೂಕ ನಿನಗೆ ಗೊತ್ತಾಗಬೇಕಾದರೆ ಹೊಸಮನೆಯ ಚಿಕ್ಕಪ್ಪ ಬಂದ ದಿನದ ಕಥೆ ಹೇಳಬೇಕು. ಮಕ್ಕಳಿಲ್ಲದ ಹೆಣ್ಣುಮಗಳು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೂತು ಏನು ಮಾಡುತ್ತಾಳೆ ಎಂಬುದು ಅವರ ಚಿಂತೆ. ಕೆಟ್ಟ ಮನಸ್ಸಲ್ಲ, ನಿನಗೂ ಗೊತ್ತು. ಕಾಫಿ ಕುಡಿದು ಲೋಟ ಕೆಳಗಿಟ್ಟು, “ನೋಡಮ್ಮ ಗಿರಿಜಾ, ಅಂಗಡಿ ಬಾಡಿಗೆಗೆ ಕೊಡು. ಆ ಕೆಂಪು ಡಬ್ಬಕ್ಕೆ ಒಬ್ಬ ಗಿರಾಕಿ ನೋಡಿದೀನಿ, ಕೊಟ್ಟು ಕೈತೊಳ್ಕೋ. ಹೆಂಗಸರಿಗೆ ಯಾಕೆ ಈ ಕಬ್ಬಿಣದ ಉಸಾಬರಿ?” ಎಂದರು.

ಅತ್ತಿಗೆ ತಲೆ ತಗ್ಗಿಸಿಕೊಂಡೇ ಕೇಳಿದರು. ಆಮೇಲೆ ಮೆಲ್ಲಗೆ, “ಮಾವ, ಅವಳು ನನ್ನ ಸವತಿ. ಗಂಡ ಹೋದ್ರು ಅಂತ ಸವತೀನ ಮನೆಯಿಂದ ಆಚೆ ಹಾಕೋಕಾಗತ್ತಾ?” ಎಂದರು. ಚಿಕ್ಕಪ್ಪನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. “ಅಂಗಡಿ?” ಎಂದರು. “ಅಂಗಡೀನ ನಾನೇ ನೋಡ್ಕೋತೀನಿ. ಒಂದ್ವರ್ಷ ಟೈಮ್ ಕೊಡಿ. ಆಗ್ಲಿಲ್ಲ ಅಂದ್ರೆ ನೀವು ಹೇಳಿದ ಹಾಗೇ ಮಾಡ್ತೀನಿ.” ಅಷ್ಟು ವರ್ಷ ಆ ಮನೆಯಲ್ಲಿ ಅವರ ದನಿ ಅಷ್ಟು ಸ್ಪಷ್ಟವಾಗಿ ನಾನು ಕೇಳಿಯೇ ಇರಲಿಲ್ಲ. ನೀನು ಕೇಳಿದ್ದೆಯಾ?

ಶಂಕರಘಟ್ಟದ ಕಡೆಯ ಖಾಲಿ ರಸ್ತೆಯಲ್ಲಿ ನೀನು ನನಗೆ ಕ್ಲಚ್ ಬಿಡುವುದನ್ನು ಕಲಿಸಿದ್ದೆಯಲ್ಲ, ಅದೇ ರಸ್ತೆಗೆ ನಾನು ಅತ್ತಿಗೆಯನ್ನು ಕರೆದುಕೊಂಡು ಹೋದೆ. ಭಾನುವಾರ ಯೂನಿವರ್ಸಿಟಿಗೆ ರಜೆ, ಹುಡುಗರ ಗದ್ದಲ ಇರುವುದಿಲ್ಲ. ಸ್ಟಿಯರಿಂಗ್ ನಿನಗೆ ಗೊತ್ತೇ ಇದೆ, ಒರಳುಕಲ್ಲು ತಿರುಗಿಸಿದ ಹಾಗೆ. ಅತ್ತಿಗೆ, “ದೋಸೆ ಹಿಟ್ಟು ರುಬ್ಬಿದ ಕೈ ಕಣೇ ಇದು” ಎಂದು ತಿರುಗಿಸಿಯೇ ಬಿಟ್ಟರು. ಕ್ಲಚ್ ಮಾತ್ರ ಬಹಳ ದಿನ ಸತಾಯಿಸಿತು. ಒಂದು ಸಲ ತಿರುವಿನಲ್ಲೇ ಕಾರು ಆಫ್ ಆಗಿ, ಹಿಂದೆ ಬಸ್ಸು ಬಂದು ನಿಂತು ಒಂದೇ ಸಮನೆ ಹಾರ್ನ್. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, “ಏನಮ್ಮಾ, ಮನೇಲಿ ಗಂಡಸರು ಯಾರೂ ಇಲ್ವಾ?” ಎಂದು ಕೂಗಿದ. ಅತ್ತಿಗೆ ಕಿಟಕಿಯ ಗಾಜು ಪೂರ್ತಿ ಇಳಿಸಿ, ತಣ್ಣಗೆ, “ಇಲ್ಲಪ್ಪ. ಅದಕ್ಕೇ ನಾನು ಕಲೀತಿದೀನಿ” ಎಂದರು. ಅವನು ಹಾರ್ನ್ ಮೇಲಿನ ಕೈ ತೆಗೆದ. ಎಂಜಿನ್ ಚಾಲೂ ಆಗಿ ನಾವು ದಾರಿ ಬಿಡುವವರೆಗೆ ಕಾದು, ಹೋಗುವಾಗ ಕೈ ಎತ್ತಿ ಹೋದ.

ಅದೇ ರಸ್ತೆಯಲ್ಲಿ ಇನ್ನೊಂದು ಭಾನುವಾರ, ಅತ್ತಿಗೆ ಕೈ ಪಳಗಿದ ಮೇಲೆ, ಒಂದು ಮಾತು ಹೇಳಿದರು. “ವೀಣಾ, ಬಲಕ್ಕೆ ತಿರುಗಿಸಿದ್ರೆ ಹೇಳಿದ ಕೂಡ್ಲೆ ತಿರುಗತ್ತೆ. ಎಡಕ್ಕೆ ತಿರುಗಿಸಿದ್ರೆ ಒಂದು ಗಳಿಗೆ ಯೋಚ್ನೆ ಮಾಡಿ ಆಮೇಲೆ ತಿರುಗತ್ತೆ. ಥೇಟ್ ನಿಮ್ಮಣ್ಣನ ಹಾಗೆ.” ನಾನು ನಕ್ಕೆ. ಆದರೆ ಮನೆಗೆ ಬಂದು ನಾನೇ ಓಡಿಸಿ ನೋಡಿದಾಗ ನಗು ನಿಂತಿತು. ಅವರು ಹೇಳಿದ್ದು ಸರಿಯಿತ್ತು. ಎಡ ತಿರುವಿನಲ್ಲಿ ಬಲಗಡೆಯಿಂದ ಕಟಕ್ ಎಂದು ಸಣ್ಣ ಸದ್ದು ಕೂಡ. ಐಟಿಐನಲ್ಲಿ ಇಷ್ಟು ವರ್ಷದಿಂದ ಫಿಟ್ಟರ್ ಪಾಠ ಹೇಳುವ ನನ್ನ ಕಿವಿಗೆ ಅದು ಬೀಳುವ ಮೊದಲು ಅವರ ಅಂಗೈಗೆ ಬಿದ್ದಿತ್ತು.

ಗೋಪಾಳದ ನಮ್ಮ ಮನೆಯ ಅಂಗಳದಲ್ಲಿ ಬ್ರೇಸ್ ಹಾಕಲು ಹೊರಟ ದಿನ ಅತ್ತಿಗೆ ಹಳೆಯ ಚೂಡಿದಾರ ಹಾಕಿಕೊಂಡು, ಕೂದಲು ಬಿಗಿದು ಕಟ್ಟಿಕೊಂಡು ಬಂದಿದ್ದರು. ನೀನು ನನಗೆ ಹೇಳಿಕೊಟ್ಟದ್ದನ್ನೇ ಹೇಳಿಕೊಟ್ಟೆ. ಗೋಪುರದ ಸುತ್ತ ಇರುವ ಸಣ್ಣ ನಟ್ಟುಗಳನ್ನು ಮಾತ್ರ ಬಿಚ್ಚಬೇಕು, ನಡುವಿನ ದೊಡ್ಡ ನಟ್ಟಿಗೆ ಕೈ ಹಾಕಬಾರದು. ಕಾರಿನ ಭಾರ ಚಕ್ರದ ಮೇಲೇ ಇರಬೇಕು, ನಟ್ಟು ಬಿಚ್ಚಿರುವಾಗ ಜಾಕ್ ಹಾಕಿ ಎತ್ತಬಾರದು. ಎಡಗಡೆಯ ತಟ್ಟೆ ಅಳತೆ ಹೇಳಿ ಮಾಡಿಸಿದ ಹಾಗೆ ಕೂತಿತು. ಬಲಗಡೆಯದು ಕೂರಲಿಲ್ಲ. ಒಂದು ಬೋಲ್ಟು ಒಳಗೆ ಹೋದರೆ ಇನ್ನೊಂದು ತೂತಿನ ಅಂಚಿಗೆ ತಾಗಿ ನಿಲ್ಲುತ್ತದೆ. ವ್ಯತ್ಯಾಸ ಕೂದಲೆಳೆಯಷ್ಟು ಅಂತ ಹೇಳುವ ಹಾಗಿಲ್ಲ, ಉಗುರಿನ ದಪ್ಪ ಇತ್ತು.

ನಮ್ಮ ಬೀದಿಯ ಕೊನೆಯ ಗ್ಯಾರೇಜಿನವರು ಅಲ್ಲೇ ಹೋಗುತ್ತಿದ್ದರು. ನೋಡಿ, “ತೂತು ಒಂಚೂರು ಅರದಿಂದ ಉಜ್ಜಿ ದೊಡ್ಡದು ಮಾಡಿ, ಒಂದು ಏಟು ಹಾಕಿ ಕೂರ್ಸಿ ಮೇಡಂ. ಎಲ್ರೂ ಹಂಗೇ ಮಾಡೋದು” ಎಂದರು. ನಿಜ ಹೇಳುತ್ತೇನೆ, ನನ್ನ ಕೈ ಅರದ ಕಡೆಗೆ ಹೋಗಿತ್ತು. ಬಿಸಿಲು, ಸುಸ್ತು, ಅರ್ಧ ಮುಗಿದ ಕೆಲಸ... ತಡೆದದ್ದು ಅತ್ತಿಗೆ. “ಎಡಗಡೆ ಸರಿಯಾಗಿ ಕೂತಿದೆ ಅಂದ್ರೆ ಸರಳು ಸರಿ ಇದೆ. ಹಂಗಾದ್ರೆ ತಪ್ಪಿರೋದು ಗಾಡಿ ಅಲ್ವೇನೇ? ಎಡಕ್ಕೆ ತಿರುಗೋಕೆ ಯೋಚ್ನೆ ಮಾಡುವಾಗ ಸದ್ದು ಬರೋದೂ ಇದೇ ಕಡೆಯಿಂದ.” ನಾನು ಅರ ಕೆಳಗಿಟ್ಟು ಬಲಗಡೆ ಗೋಪುರದ ಬುಡದ ಹಳೆಯ ಸೀಲಂಟನ್ನು ಕೆರೆದೆ. ಒಳಗೆ ಕೆಂಪಗೆ ತುಕ್ಕು. ಬೆಸುಗೆಯ ಸಾಲಿನುದ್ದಕ್ಕೂ ಬಿರುಕು. ನಿನ್ನ ಮಣ್ಣಿನ ರೇಸುಗಳಲ್ಲೊಂದರಲ್ಲಿ ನೀನು ಬಂಡೆ ಹತ್ತಿಸಿದ್ದ ಕಡೆ ಅದೇ ಅಲ್ಲವಾ? ಅವತ್ತು ರಿಪೇರಿ ಮಾಡಿಸಿದ್ದೆ, ನಿಜ. ಆದರೆ ತುಕ್ಕಿಗೆ ವರ್ಷಗಳು ಸಿಕ್ಕಿದ್ದವು. ಎಳೆದು ಬಿಗಿದು ಬ್ರೇಸ್ ಕೂರಿಸಿದ್ದರೆ ಸದ್ದು ಸ್ವಲ್ಪ ದಿನ ಅಡಗುತ್ತಿತ್ತೇನೋ. ಆಮೇಲೊಂದು ದಿನ, ಅತ್ತಿಗೆ ಒಬ್ಬರೇ ಓಡಿಸುವಾಗ... ಅದನ್ನು ನಾನು ಯೋಚಿಸಲು ಹೋಗುವುದಿಲ್ಲ.

ಆ ಸ್ಥಿತಿಯಲ್ಲಿ ಅದನ್ನು ರಸ್ತೆಗೆ ಇಳಿಸುವಂತಿರಲಿಲ್ಲ. ಟೋಯಿಂಗ್ ಲಾರಿಯ ಬೆನ್ನ ಮೇಲೆ ನಿನ್ನ ಕಾರು ಭದ್ರಾವತಿಗೆ ಹೊರಟಿತು. ಹಿಂದೆ ಸ್ಕೂಟರಿನಲ್ಲಿ ನಾವಿಬ್ಬರು. ಹೋದದ್ದು ಸೆಲ್ವಣ್ಣನ ಶೆಡ್ಡಿಗೆ. ಕಾರ್ಖಾನೆಯಲ್ಲಿ ನೀನೂ ಅವರೂ ಒಂದೇ ಶಿಫ್ಟಿನಲ್ಲಿದ್ದವರು. ನೀನು ಕೆಲಸ ಬಿಟ್ಟು ಶಿವಮೊಗ್ಗದಲ್ಲಿ ಅಂಗಡಿ ಹಾಕಿದೆ, ಅವರು ರಿಟೈರ್ ಆಗಿ ವೆಲ್ಡಿಂಗ್ ಶೆಡ್ಡು ಹಾಕಿದರು. ನಿನ್ನ ಕಾರು ಲಾರಿಯಿಂದ ಇಳಿಯುವುದನ್ನು ಕಂಡವರೇ ಎದ್ದು ಬಂದು ಬಾನೆಟ್ ಮೇಲೆ ಕೈಯಿಟ್ಟರು.

ಅಳತೆ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದು ನೋಡಿದ ಮೇಲೆ ಸೆಲ್ವಣ್ಣ ತಲೆ ಅಲ್ಲಾಡಿಸಿದರು. “ಟವರ್ ಒಳಗಡೆ ಬಂದಿದೆ ಮಾ. ತುಕ್ಕು ಕತ್ತರಿಸಿ ಹೊಸ ಶೀಟ್ ಕೊಡ್ಬೇಕು, ಎಳೆದು ಜಾಗಕ್ಕೆ ತರ್ಬೇಕು. ಮಾಡ್ತೀನಿ. ಆದ್ರೆ ಕೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ, ಇಷ್ಟು ಯಾಕೆ? ಗಾಡಿಗೆ ವಯಸ್ಸಾಯ್ತು. ಮಹೇಶನೇ ಇಲ್ಲ.” ಅತ್ತಿಗೆ ಹೇಳಿದರು, “ನಾನಿದೀನಲ್ಲ ಸೆಲ್ವಣ್ಣ. ಓಡಿಸೋಳು ನಾನು.” ಸೆಲ್ವಣ್ಣ ಅವರನ್ನು ಒಂದು ಸಲ ನೋಡಿ, ನನ್ನನ್ನು ನೋಡಿ, “ಅಯ್ಯೋ ಕಡವುಳೇ” ಎಂದು ತಮಿಳಿನಲ್ಲೇ ದೇವರನ್ನು ಕರೆದು ನಕ್ಕುಬಿಟ್ಟರು. “ಮೊದ್ಲೇ ಹೇಳ್ಬಾರ್ದಾ ಮಾ? ಮ್ಯೂಸಿಯಂಗೆ ಇಡೋ ಗಾಡಿ ಅಂದ್ಕೊಂಡೆ. ಓಡೋ ಗಾಡಿ ಅಂದ್ರೆ ಬೇರೆ ಥರ ಕೆಲಸ.”

ವೆಲ್ಡಿಂಗ್ ನಡೆಯುವಾಗ ಅತ್ತಿಗೆ ಕಪ್ಪು ಗಾಜಿನ ಮುಖವಾಡ ಹಿಡಿದು ಪಕ್ಕದಲ್ಲೇ ನಿಂತಿದ್ದರು. ತುಕ್ಕು ತಿಂದ ತಗಡನ್ನು ಗ್ರೈಂಡರಿನಿಂದ ಕತ್ತರಿಸಿ ತೆಗೆದಾಗ ಅದನ್ನು ಕೈಯಲ್ಲಿ ಹಿಡಿದು ನೋಡಿದರು. ಹಪ್ಪಳದ ಹಾಗೆ ಮುರಿಯಿತು. “ಇದರ ಮೇಲೆ ನಾವು ಸವಾರಿ ಮಾಡ್ತಿದ್ವಾ?” ಎಂದರು. ಹೊಸ ತಗಡು ಕೂತು, ಚೈನಿನಿಂದ ಗೋಪುರವನ್ನು ಜಾಗಕ್ಕೆ ಎಳೆದು, ಬೆಸುಗೆ ಆರಿ, ಪ್ರೈಮರ್ ಬಳಿದು ಒಣಗಿಸಿದ ಮೇಲೆ ಸೆಲ್ವಣ್ಣ ಪಕ್ಕಕ್ಕೆ ಸರಿದು, “ಇನ್ನು ನೀವು ಹಾಕಿ ನೋಡಿ ಮಾ” ಎಂದರು. ಬಲಗಡೆಯ ತಟ್ಟೆ ಈ ಸಲ ಕೊಸರಾಡಲಿಲ್ಲ. ಬೋಲ್ಟುಗಳ ಮೇಲೆ ತಾನಾಗಿ ಇಳಿದು ಕೂತಿತು ಅಣ್ಣಾ. ಟಕ್ ಎಂದು ಒಂದು ಸದ್ದು. ನಾನು ಎಷ್ಟೋ ಮಕ್ಕಳಿಗೆ ಫಿಟ್ಟಿಂಗ್ ಕಲಿಸಿದ್ದೇನೆ, ಇಷ್ಟು ಸಿಹಿಯಾದ ಸದ್ದು ಕೇಳಿರಲಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡಾಗ ಬಾನೆಟ್ ತಕರಾರು ತೆಗೆಯಿತು. ಮುಚ್ಚಲು ಹೋದರೆ ಕೊನೆಯಲ್ಲಿ ಏನೋ ತಾಗಿದಂತಾಗುತ್ತಿತ್ತು. ಎಲ್ಲಿ ತಾಗುತ್ತದೆ ಎಂದು ನೋಡೋಣವೆಂದರೆ ಮುಚ್ಚಿದ ಬಾನೆಟ್ಟಿನ ಒಳಗೆ ಯಾರು ಇಣುಕುತ್ತಾರೆ? ನಾನು ಟಾರ್ಚ್ ಹಿಡಿದು ಒದ್ದಾಡುತ್ತಿದ್ದರೆ ಅತ್ತಿಗೆ ಸೆಲ್ವಣ್ಣನ ಮನೆಗೆ ಹೋಗಿ ಚಪಾತಿ ಹಿಟ್ಟಿನ ಉಂಡೆ ತಂದರು. ಚೂರು ಚೂರು ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸರಳಿನ ಉದ್ದಕ್ಕೂ ಸಾಲಾಗಿ ಇಟ್ಟು, “ಈಗ ಮುಚ್ಚಿ” ಎಂದರು. ಮತ್ತೆ ತೆರೆದಾಗ ಎಲ್ಲ ಉಂಡೆಯೂ ಉಂಡೆಯಾಗಿಯೇ ಇತ್ತು, ಒಂದೇ ಒಂದು ಲಟ್ಟಿಸಿದ ಚಪಾತಿಯಾಗಿತ್ತು. ಸರಳಿನ ನಡುವೆ ಸಣ್ಣ ಬಾಗು ಇದೆಯಲ್ಲ, ಅದನ್ನು ನಾನು ಹಿಂದುಮುಂದಾಗಿ ಹಾಕಿದ್ದೆ. ಬಿಚ್ಚಿ ತಿರುಗಿಸಿ ಹಾಕಿದೆವು. ಬಾನೆಟ್ ಸಲೀಸಾಗಿ ಮುಚ್ಚಿತು. ಸೆಲ್ವಣ್ಣನ ಹೆಂಡತಿ ಬಾಗಿಲಲ್ಲಿ ನಿಂತು, “ಉಳಿದ ಹಿಟ್ಟಲ್ಲಿ ಚಪಾತಿ ಮಾಡ್ತೀನಿ, ಊಟ ಮಾಡ್ಕೊಂಡೇ ಹೋಗಿ” ಎಂದರು.

ಕೊನೆಯ ಬಿಗಿತವನ್ನು ಅತ್ತಿಗೆಯೇ ಮಾಡಿದರು. ನಟ್ಟನ್ನು ಅಳತೆ ಮೀರದಂತೆ ಬಿಗಿಯುವ ನಿನ್ನ ಟಾರ್ಕ್ ರೆಂಚನ್ನು ನೀನು ನನ್ನ ಕೈಗೂ ಸುಲಭವಾಗಿ ಕೊಡುತ್ತಿರಲಿಲ್ಲ, ನೆನಪಿದೆಯಾ? ಅದನ್ನೇ ಅವರ ಕೈಗೆ ಕೊಟ್ಟೆ. “ಟಕ್ ಅಂದ ಕೂಡ್ಲೆ ನಿಲ್ಲಿಸ್ಬೇಕು ಅತ್ತಿಗೆ. ಇನ್ನೂ ಒಂಚೂರು ಇರಲಿ ಅಂತ ಬಿಗಿಯೋ ಹಾಗಿಲ್ಲ.” ಅವರು ಎರಡೂ ಕಾಲು ಊರಿ ನಿಂತು, ತುಟಿ ಬಿಗಿದು, ಒಂದೊಂದೇ ನಟ್ಟಿಗೆ ರೆಂಚ್ ಹಾಕಿದರು. ಎಲ್ಲ ಮುಗಿದ ಮೇಲೆ ಹಣೆಯ ಬೆವರು ಒರೆಸಿಕೊಂಡಾಗ ಹಣೆಯ ಉದ್ದಕ್ಕೂ ಗ್ರೀಸಿನ ಪಟ್ಟೆ. ಥೇಟ್ ಯಾರ ಹಾಗೆ ಕಂಡರು ಎಂದು ನಾನು ಹೇಳಬೇಕಾ?

ಲಾರಿಯ ಮೇಲೆ ಹೋದದ್ದು ತನ್ನ ಚಕ್ರದ ಮೇಲೆ ಮನೆಗೆ ಬಂತು. ಸ್ಕೂಟರನ್ನು ಶೆಡ್ಡಿನಲ್ಲೇ ಬಿಟ್ಟು ನಾನು ಪಕ್ಕದ ಸೀಟಿನಲ್ಲಿ ಕೂತೆ. ಅತ್ತಿಗೆಗೆ ಅದೇ ಮೊದಲ ದೊಡ್ಡ ದಾರಿ. ಭದ್ರಾ ಸೇತುವೆ ದಾಟುವವರೆಗೆ ಉಸಿರು ಬಿಗಿಹಿಡಿದಿದ್ದರು. ಆಮೇಲೆ ಒಂದು ಎಡ ತಿರುವು ಬಂತು. ಸ್ಟಿಯರಿಂಗ್ ತಿರುಗಿಸಿದರು. ಕಾರು ತಿರುಗಿತು. ಕಟಕ್ ಇಲ್ಲ, ತಡವಿಲ್ಲ. ಅತ್ತಿಗೆ ನನ್ನ ಕಡೆ ನೋಡದೆ, ರಸ್ತೆಯ ಮೇಲೇ ಕಣ್ಣಿಟ್ಟು, “ಹೇಳಿದ ಕೂಡ್ಲೆ ಕೇಳ್ತಾಳೆ ಕಣೇ!” ಎಂದರು. ಅದು ಬ್ರೇಸಿನ ಗುಣವೋ, ಸೆಲ್ವಣ್ಣನ ಬೆಸುಗೆಯ ಗುಣವೋ, ಓಡಿಸುವ ಕೈಯ ಗುಣವೋ... ಮೂರೂ ಸೇರಿ ಇರಬೇಕು. ಹೊಂಡಕ್ಕೆ ಇಳಿದರೆ ಮಾತ್ರ ಮೊದಲಿಗಿಂತ ಗಟ್ಟಿಯಾಗಿ ಸೊಂಟಕ್ಕೆ ಗೊತ್ತಾಗುತ್ತದೆ. ಅದನ್ನೂ ಹೇಳಿಬಿಡುತ್ತೇನೆ, ಹೊಗಳಿಕೆಯ ಭರದಲ್ಲಿ ಸುಳ್ಳು ಹೇಳಿದೆ ಎನ್ನಬೇಡ.

ಅದಾದ ಮೇಲೆ ಒಂದು ಮಧ್ಯಾಹ್ನ ನಾನು ಅಂಗಡಿಗೆ ಹೋದಾಗ ಕೌಂಟರಿನ ಮುಂದೆ ಒಬ್ಬ ಗಿರಾಕಿ ನಿಂತಿದ್ದ. ಅವನ ಹಳೆಯ ಕಾರಿಗೆ ಇಂಥದೇ ಬ್ರೇಸ್ ಬೇಕಿತ್ತು. ಅತ್ತಿಗೆ, “ಗಾಡಿ ಎಲ್ಲಿದೆ? ಬಾನೆಟ್ ಎತ್ತಪ್ಪ” ಎಂದು ರಸ್ತೆಗಿಳಿದರು. ಎರಡೂ ಗೋಪುರದ ಬುಡವನ್ನು ಟಾರ್ಚ್ ಹಾಕಿ ನೋಡಿ, ಬೆರಳಿನಿಂದ ಒತ್ತಿ, “ಇಲ್ಲಿ ನೋಡು, ತುಕ್ಕು. ಮೊದ್ಲು ಇದನ್ನ ಸರಿ ಮಾಡ್ಸು. ಆಮೇಲೆ ಬಾ, ಕೊಡ್ತೀನಿ. ಈಗ ಕೊಡಲ್ಲ” ಎಂದರು. “ದುಡ್ಡು ಕೊಡ್ತೀನಿ ಅಂದ್ರೂ ಬೇಡ ಅಂತೀರಲ್ಲಕ್ಕಾ!” ಎಂದು ಅವನು ಪೆಚ್ಚಾಗಿ ಹೋದ. ಹೋದ ಗಿರಾಕಿ ವಾಪಸ್ ಬರುವುದಿಲ್ಲವೆಂದು ನಾನು ಅಂದುಕೊಂಡೆ. ಬಂದ. ಇಬ್ಬರು ಸ್ನೇಹಿತರನ್ನೂ ಕರೆದುಕೊಂಡು ಬಂದ. ಚಿಕ್ಕಪ್ಪ ಕೊಟ್ಟಿದ್ದ ಒಂದು ವರ್ಷ ಮುಗಿದದ್ದು ಯಾರಿಗೂ ಗೊತ್ತೇ ಆಗಲಿಲ್ಲ; ಚಿಕ್ಕಪ್ಪನಿಗಂತೂ ತಮ್ಮ ಸ್ಕೂಟರಿನ ಬ್ರೇಕ್ ಶೂ ಬದಲಿಸುವ ವಿಷಯದಲ್ಲಿ ಈಗ ಅತ್ತಿಗೆಯ ಮಾತೇ ವೇದ.

ಇನ್ನು ಮುಖ್ಯ ಸುದ್ದಿ. ನೀನು ಪ್ರತಿ ಸಲ ಹೋಗುತ್ತಿದ್ದ ಮಣ್ಣಿನ ಟ್ರ್ಯಾಕಿನ ರೇಸು ಈ ಸಲ ಊರಾಚೆಯ ಮೈದಾನದಲ್ಲಿ ನಡೆಯಿತು. ಹೆಂಗಸರ ವಿಭಾಗವೂ ಇತ್ತು. ನಾನು ತಮಾಷೆಗೆ, “ಹೆಸರು ಕೊಡಲಾ ಅತ್ತಿಗೆ?” ಎಂದಿದ್ದೆ. ಅವರು ಕ್ಲಚ್ ಪ್ಲೇಟ್ ಎಣಿಸುತ್ತಾ, “ಆಗ್ಲೇ ಕೊಟ್ಟಿದೀನಿ” ಎಂದರು. ಐವತ್ತರ ಹತ್ತಿರ ಬಂದ ಹೆಂಗಸು, ಅಷ್ಟು ಹಳೆಯ ಕಾರು, ನಾವು ಮನೆಯವರೇ ಬಿಗಿದ ನಟ್ಟು. ಏನಾದರೂ ಆದರೆ ನಿನಗೆ ಏನು ಹೇಳಲಿ ಎಂದೇ ನನಗೆ ಭಯ. ಹಿಂದಿನ ದಿನ ಎಲ್ಲ ನಟ್ಟುಗಳ ಬಿಗಿತವನ್ನೂ ಮತ್ತೆ ನೋಡಿದೆ. ಒಂದೂ ಸಡಿಲಾಗಿರಲಿಲ್ಲ.

ರೇಸಿನ ಮುಂಚೆ ಗಾಡಿಗಳ ತಪಾಸಣೆ ಇರುತ್ತದಲ್ಲ, ಅಲ್ಲಿ ಸಾಲಿನಲ್ಲಿ ನಿಂತಿದ್ದೆವು. ಪರೀಕ್ಷಿಸಲು ಬಂದವರು ಬಿಳಿ ಗಡ್ಡದ, ನಗದ ಮನುಷ್ಯ. ಬಾನೆಟ್ ಎತ್ತಿಸಿ ಬ್ರೇಸ್ ಹಿಡಿದು ಅಲ್ಲಾಡಿಸಿ ನೋಡಿದರು. ಬಗ್ಗಿ ಗೋಪುರದ ಬುಡದ ಬೆಸುಗೆಯ ಮೇಲೆ ಬೆರಳು ಆಡಿಸಿದರು. ಮತ್ತೆ ಇನ್ನೊಂದು ಕಡೆ. “ಯಾರು ಹಾಕಿದ್ದು ಇದನ್ನ?” ಎಂದರು. ಅತ್ತಿಗೆ, “ವೆಲ್ಡಿಂಗ್ ಭದ್ರಾವತಿ ಸೆಲ್ವರಾಜ್ ಅವ್ರದ್ದು. ಬ್ರೇಸ್ ಹಾಕಿದ್ದು ನಾವೇ” ಎಂದರು. “ನಾವೇ ಅಂದ್ರೆ?” “ನಾನು, ಇವಳು ನನ್ನ ನಾದಿನಿ.” ಅವರು ನಮ್ಮಿಬ್ಬರನ್ನೂ ನೋಡಿ ಬಾನೆಟ್ ಮುಚ್ಚಿ, “ಇವತ್ತು ನೋಡಿದ್ರಲ್ಲಿ ನೀಟಾಗಿ ಹಾಕಿರೋದು ಇದೇ. ಹೋಗ್ಬನ್ನಿ ಅಮ್ಮ” ಎಂದರು. ಆಗ ನಮ್ಮ ಅತ್ತಿಗೆ ನಡೆದ ನಡಿಗೆಯನ್ನು ನೀನು ನೋಡಬೇಕಿತ್ತು ಅಣ್ಣಾ...

ಹಸಿರು ಬಾವುಟ ಬಿದ್ದಾಗ ಕೆಂಪು ಧೂಳಿನಲ್ಲಿ ಕೆಂಪು ಕಾರು ಕಾಣದೆ ಹೋಯಿತು. ನಾನು ಹಗ್ಗದ ಈಚೆ ನಿಂತು ಕಿವಿಯಿಂದಲೇ ಓಟ ನೋಡಿದೆ. ಎರಡನೇ ಗೇರು, ಬ್ರೇಕು, ಮತ್ತೆ ಗೇರು. ಧೂಳು ಸರಿದಾಗ ಅವರು ಕೊನೆಯ ತಿರುವಿನಲ್ಲಿದ್ದರು. ಹಿಂದಿನ ಚಕ್ರ ಸ್ವಲ್ಪ ಜಾರಿತು, ಜನ ‘ಓ’ ಎಂದರು, ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮೂತಿ ನೇರ ಮಾಡಿಕೊಂಡು ಕಾರು ಗೆರೆ ದಾಟುತ್ತಿತ್ತು. ಗೆದ್ದದ್ದು ಸಾಗರದ ಕಡೆಯ ಒಬ್ಬ ಹುಡುಗಿ, ಒಳ್ಳೆಯ ಕೈ ಅವಳದ್ದು. ಅತ್ತಿಗೆಗೆ ಮೂರನೆಯ ಸ್ಥಾನ. ಮೈಕಿನಲ್ಲಿ ಹೆಸರು ಕೂಗಿದಾಗ ನಿನ್ನ ರೇಸಿನ ಗೆಳೆಯರೆಲ್ಲ ಎದ್ದು ನಿಂತು ಶಿಳ್ಳೆ ಹೊಡೆದರು. ಹೆಲ್ಮೆಟ್ ತೆಗೆದ ಅತ್ತಿಗೆಯ ಮುಖದ ಮೇಲೆ ಧೂಳು, ಧೂಳಿನ ನಡುವೆ ಹಲ್ಲು ಮಾತ್ರ ಬೆಳ್ಳಗೆ.

ಮನೆಗೆ ವಾಪಸ್ ಬರುವಾಗ ಬಹುಮಾನದ ಕಪ್ಪು ನನ್ನ ತೊಡೆಯ ಮೇಲಿತ್ತು. ಅತ್ತಿಗೆ ಹೇಳಿದರು, “ನಿಮ್ಮಣ್ಣ ಇದ್ದಿದ್ರೆ ನಂಗೆ ಇದನ್ನ ಕಲಿಸ್ತಿರ್ಲಿಲ್ಲ ಕಣೇ. ಭಯ ಅವ್ರಿಗೆ, ನಂಗೇನಾದ್ರೂ ಆಗತ್ತೆ ಅಂತ. ಆದ್ರೆ ಇವತ್ತು ಅಲ್ಲಿ ಹಗ್ಗದ ಹತ್ರ ನಿಂತು ನೋಡಿದ್ರೆ ಮಾತ್ರ... ಊರು ತುಂಬ ಹೇಳ್ಕೊಂಡು ತಿರುಗ್ತಿದ್ರು.”

ಹೌದಲ್ಲವಾ? ತಿರುಗುತ್ತಿದ್ದೆ. ಅದಕ್ಕೇ ಅಣ್ಣಾ, ಆ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಐಟಿಐ ಸ್ಟಾಫ್ ರೂಮಿನಲ್ಲಿ ಹೇಳಿದೆ, ಹಾಲಿನವನಿಗೆ ಹೇಳಿದೆ, ಗೋಪಾಳದ ಬಸ್ಸಿನಲ್ಲಿ ಪಕ್ಕ ಕೂತ, ಹೆಸರೂ ಗೊತ್ತಿಲ್ಲದ ಅಜ್ಜಿಗೂ ಹೇಳಿದೆ. ಊರಿನಲ್ಲಿ ಇನ್ನು ಯಾರೂ ಉಳಿದಿರಲಿಲ್ಲ. ನೀನೊಬ್ಬ ಬಾಕಿ ಇದ್ದೆ.

ನಿನ್ನ ತಂಗಿ,
ವೀಣಾ